ಪಡಸಾಲೆಯ ಪರಸಿ, ಕಾಳಮ್ಮನ ಪೀಠ

ಹೋದ ತಿಂಗಳು ಒಂದು ಸಂಜೆ, ನಮ್ಮ ಆಫೀಸ್ ಕ್ಯಾಬು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಲ್ಲೇ ನಿಂತಿದ್ದಾಗ, ತಮ್ಮ ವಾಟ್ಸಾಪಿನಲ್ಲಿ ಒಂದರ ಹಿಂದೊಂದು ಹನ್ನೊಂದು ಫೋಟೊ ಕಳಿಸಿದ. ಎಲ್ಲವೂ ಟೈಲ್ಸ್‌ನವು. ಬಿಳಿ, ಹಾಲುಬಿಳಿ, ಬೂದಿಬಿಳಿ, ಮತ್ತೆ ಬಿಳಿ. ಕೊನೆಗೆ ಒಂದು ವಾಯ್ಸ್ ಮೆಸೇಜು: "ಅಕ್ಕಾ, ಪಡಸಾಲಿಗಿ ಯಾವ್ದು ಛಂದ ಕಾಣ್ತದ ಲಗೂನ ಹೇಳು. ಗೌಂಡಿ ಸೋಮವಾರ ಬರ್ತಾನ."

ನಮ್ಮೂರು ಗೊಬ್ಬೂರ. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿದೆ. ನಮ್ಮ ಮನೆಯ ಪಡಸಾಲೆಗೆ ಇರುವುದು, ಈಗ 'ಇದ್ದದ್ದು' ಅನ್ನಬೇಕು, ಶಹಾಬಾದ್ ಪರಸಿ. ಮೋಡ ಕವಿದ ಆಕಾಶದ ಬಣ್ಣದ, ಬೇಸಿಗೆಯಲ್ಲೂ ಬೆನ್ನಿಗೆ ತಣ್ಣಗೆ ಹತ್ತುವ ಕಲ್ಲು. ಮುತ್ಯಾ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು ಹಾಸಿಸಿದ್ದು ಎಂದು ನಾವು ಕೇಳುತ್ತಲೇ ಬೆಳೆದೆವು. ಅದರಲ್ಲಿ ನಡುಕಂಬದ ಪಕ್ಕದ ಒಂದು ಕಲ್ಲಿಗೆ ಬೇರೆಯೇ ಮರ್ಯಾದೆ. ಅದರ ಮೇಲೆ ಉಳಿಯಿಂದ ಚೌಕಾಬಾರದ ಮನೆ ಕೊರೆದಿತ್ತು. ಐದು ಸಾಲು, ಐದು ಮನೆ, ನಡುವೆ ಹಣ್ಣಾಗುವ ಮನೆ. ಮಳೆಗಾಲದ ಮಧ್ಯಾಹ್ನಗಳನ್ನೆಲ್ಲ ನಾನು, ತಮ್ಮ, ಓಣಿಯ ಹುಡುಗರು ಹುಣಸೆಬೀಜ ತೇಯ್ದು ಅದರ ಮೇಲೇ ಕಳೆದವರು.

"ಟೈಲ್ಸ್ ಯಾಕ ಬೇಕು? ಪರಸೀನೇ ಛಂದ ಅದ" ಅಂತ ಟೈಪ್ ಮಾಡಿದೆ. ಎರಡೇ ನಿಮಿಷಕ್ಕೆ ಅವ್ವನ ಫೋನು ಬಂತು.

"ಛಂದ ಅದ ಅಂತ ನೀ ಬೆಂಗಳೂರಾಗ ಕುಂತು ಹೇಳ್ತಿ. ಸಂದಿನಾಗಿಂದ ಚೇಳು ಬರೂದು ನಾ ನೋಡ್ಲತ್ತೀನಿ. ಮಣಕಾಲು ಊರಿ ಒರಸೂದು ನಾನು. ಲಗ್ನಕ್ಕ ಬಂದ ಬೀಗರು ಏನಂತಾರ?"

ಉತ್ತರ ಇರಲಿಲ್ಲ. ವರ್ಷಕ್ಕೆ ಮೂರು ಸಲ ಬಂದು ಹೋಗುವ ನನಗೆ ಆ ನೆಲ ಒಂದು ನೆನಪು. ದಿನಾ ಒರೆಸುವ ಅವಳಿಗೆ ಅದು ಒಂದು ಕೆಲಸ.

ತಮ್ಮನ ಲಗ್ನ ಹತ್ತಿರ ಬಂದಿತ್ತು. ರಜೆ ಹಾಕಿ ಊರಿಗೆ ಹೋದೆ. ನಮ್ಮ ಮನೆತನದಲ್ಲಿ ಮೊದಲ ಲಗ್ನಪತ್ರಿಕೆ ಸನ್ನತಿಯ ಚಂದ್ರಲಾಂಬಾ ದೇವಿಗೆ ಕೊಡಬೇಕು. ಗೌಂಡಿ ಮನೆಗೆ ಬರುವ ಸೋಮವಾರವೇ ನಾನು, ಕಾಕಾ ಕಾರು ತೆಗೆದುಕೊಂಡು ಹೊರಟೆವು. ಕಲಬುರಗಿ ದಾಟಿ ಶಹಾಬಾದ್, ವಾಡಿ, ನಾಲವಾರ, ಅಲ್ಲಿಂದ ಸನ್ನತಿ. ಅವ್ವ ಮನೆಯಲ್ಲೇ ಉಳಿದಳು, ಗೌಂಡಿಗಳ ಚಹಾ ನೋಡಿಕೊಳ್ಳಲು.

ಶಹಾಬಾದ್ ಹತ್ತಿರ ಬಂದರೆ ರಸ್ತೆಯ ಎರಡೂ ಬದಿ ಕಲ್ಲೇ ಕಲ್ಲು. ಪುಸ್ತಕ ಜೋಡಿಸಿಟ್ಟ ಹಾಗೆ ನಿಲ್ಲಿಸಿದ ಹಾಸುಗಲ್ಲುಗಳು. ಈ ಸುಣ್ಣದಕಲ್ಲಿನ ಗುಣವೇ ಹಾಗೆ. ನೆಲದಡಿಯಲ್ಲಿ ಪದರ ಪದರವಾಗಿ ಮಲಗಿರುತ್ತದೆ. ಪದರದ ಸಂದು ನೋಡಿ ಹಾರೆ ಹಾಕಿದರೆ ಚಪ್ಪಟೆಯಾಗಿ ಎದ್ದು ಬರುತ್ತದೆ. ಅದಕ್ಕೇ ಇಡೀ ದೇಶದಲ್ಲಿ ಇದನ್ನು ನೆಲಕ್ಕೆ ಹಾಸುತ್ತಾರೆ. ಇನ್ನೊಂದಿಷ್ಟು ಮುಂದೆ ವಾಡಿಯಲ್ಲಿ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ಕಾಣಿಸಿತು. ಕಾಕಾ ಸ್ಟೇರಿಂಗ್ ಮೇಲಿನ ಕೈ ಎತ್ತದೆ ಗದ್ದದಿಂದಲೇ ತೋರಿಸಿದರು.

"ಎಲ್ಲಾ ಒಂದೇ ಕಲ್ಲು ನೋಡವಾ. ಹಾಸಿದ್ರ ಪರಸಿ, ಸುಟ್ರ ಸಿಮೆಂಟ್."

ಅದೇ ಕಲ್ಲಿಗೆ ಮೂರನೆಯ ಹಣೆಬರಹವೂ ಒಂದಿದೆ ಅನ್ನುವುದು ನನಗೆ ಸನ್ನತಿಯಲ್ಲಿ ಗೊತ್ತಾಯಿತು.

ಸನ್ನತಿ ಚಿತ್ತಾಪುರ ತಾಲೂಕಿನಲ್ಲಿದೆ, ಭೀಮಾ ನದಿಯ ದಂಡೆಗೆ. ದೇವಿಗೆ ಪತ್ರಿಕೆ ಇಟ್ಟು, ಕಾಯಿ ಒಡೆಸಿ, ಗುಡಿಯ ಕಟ್ಟೆಯ ಮೇಲೆ ಕುಳಿತಾಗ ಕಾಕಾ ಕಾಳಮ್ಮನ ಗುಡಿಯ ಕಥೆ ತೆಗೆದರು. ಇದು ಕಥೆಯಲ್ಲ, ನಡೆದದ್ದು. ಇದೇ ಆವರಣದ ಕಾಳಿ ಗುಡಿಯ ಛಾವಣಿ 1986ರಲ್ಲಿ ಕುಸಿದು ಬಿತ್ತು. ಮೂರ್ತಿ ಒಡೆಯಿತು. ಅವಶೇಷ ತೆರವು ಮಾಡುವಾಗ, ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲಿನ ಮೇಲೆ ಅಕ್ಷರಗಳು ಕಂಡವು. ತಿಳಿದವರು ಬಂದು ಓದಿದರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅಶೋಕನ ಶಾಸನ!

ಅಂದರೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಕಲ್ಲು. ಎರಡೂ ಮುಖದ ಮೇಲೆ ಬರಹ. ಅಶೋಕನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನದ ಭಾಗಗಳು, ಜೊತೆಗೆ 'ಪ್ರತ್ಯೇಕ ಶಾಸನ' ಎಂದು ಕರೆಯುವ ಎರಡು. ಈ ಪ್ರತ್ಯೇಕ ಶಾಸನಗಳು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿವೆ, ಅವನು ಯುದ್ಧ ಮಾಡಿ ಗೆದ್ದ ಕಳಿಂಗದಲ್ಲಿ. ಅಲ್ಲಿಂದ ಇಷ್ಟು ದೂರ ನಮ್ಮ ಭೀಮಾ ದಂಡೆಯಲ್ಲಿ ಅವು ಸಿಕ್ಕಿದ್ದು ಇತಿಹಾಸಕಾರರಿಗೂ ಅಚ್ಚರಿ.

ಅದರಲ್ಲಿ ಏನಿದೆ? ಧೌಲಿಯ ಪಾಠದಂತೆ, ರಾಜ ತನ್ನ ಅಧಿಕಾರಿಗಳಿಗೆ ಹೇಳುತ್ತಾನೆ: ಜನರೆಲ್ಲ ನನ್ನ ಮಕ್ಕಳಿದ್ದಂತೆ, ಯಾರನ್ನೂ ಕಾರಣವಿಲ್ಲದೆ ಸೆರೆಗೆ ಹಾಕಬೇಡಿ, ಹಿಂಸೆ ಕೊಡಬೇಡಿ. ಹೊಟ್ಟೆಕಿಚ್ಚು, ಸಿಟ್ಟು, ಅವಸರ, ಸೋಮಾರಿತನ ಇದ್ದವನಿಂದ ಈ ಕೆಲಸ ಆಗುವುದಿಲ್ಲ. ನಮ್ಮ ಮ್ಯಾನೇಜರುಗಳ ಟ್ರೇನಿಂಗಿಗೆ ಇದನ್ನೇ ಸ್ಲೈಡ್ ಮಾಡಬಹುದು ಅಂತ ನನಗನ್ನಿಸಿತು. ಹನ್ನೆರಡನೆಯ ಶಾಸನದ್ದು ಇನ್ನೊಂದು ಮಾತು: ತನ್ನ ಧರ್ಮ ಹೊಗಳಲು ಇನ್ನೊಬ್ಬರ ಧರ್ಮ ತೆಗಳುವವನು ತನ್ನ ಧರ್ಮಕ್ಕೇ ಕೆಡುಕು ಮಾಡುತ್ತಾನೆ.

ಈ ಮಾತು ಕೆತ್ತಿದ ಕಲ್ಲಿನ ಮೇಲೆ ನಮ್ಮ ಕಾಳಮ್ಮ ನಿಂತಿದ್ದಳು. ಬೌದ್ಧರ ರಾಜನ ಕಲ್ಲು, ಶಾಕ್ತರ ದೇವಿಯ ಪೀಠ. ಪೂಜೆ ಮಾಡಿದ ಯಾರಿಗೂ ಕೆಳಗೆ ಏನು ಬರೆದಿದೆ ಅಂತ ಗೊತ್ತಿರಲಿಲ್ಲ.

ಆದರೆ ಒಂದು ಬೇಜಾರಿನ ಸಂಗತಿ. ಮೂರ್ತಿಯ ಬುಡ ಗಟ್ಟಿಯಾಗಿ ಕೂರಲಿ ಅಂತ ಆ ಕಲ್ಲಿನ ನಡುವೆ ತೂತು ಕೊರೆದಿದ್ದಾರೆ. ಅಲ್ಲಿದ್ದ ಅಕ್ಷರಗಳು ಹೋದವು. ಫೋನಿನಲ್ಲಿ ಆ ಕಲ್ಲಿನ ಫೋಟೊ ತೆಗೆದು ಎರಡು ಬೆರಳಲ್ಲಿ ದೊಡ್ಡದು ಮಾಡಿ ಕಾಕಾಗೆ ತೋರಿಸಿದೆ.

"ಎಂಥಾ ಕಲ್ಲು ಹಾಳ ಮಾಡ್ಯಾರ ನೋಡ್ರಿ ಕಾಕಾ" ಅಂದೆ.

ಕಾಕಾ ಕನ್ನಡಕ ಹಾಕಿಕೊಂಡು ನೋಡಿದರು. "ಹಾಳ ಮಾಡ್ಯಾರ ಅಂತಿ, ಖರೆ. ಆದ್ರ ಪೀಠ ಮಾಡ್ಲಿಲ್ಲಂದ್ರ ಯಾವ ಬಾವಿ ಕಟ್ಟಿಗಿ ಹೋಗ್ತಿತ್ತೋ, ಯಾರ ಗ್ವಾಡಿಗಿ ಹೋಗ್ತಿತ್ತೋ."

ನಾನು ಒಪ್ಪಲಿಲ್ಲ. ಆಗ.

ಸನ್ನತಿಯಿಂದ ಕನಗನಹಳ್ಳಿ ಬಹಳ ಸಮೀಪ. ಇಲ್ಲಿ ಭಾರತೀಯ ಪುರಾತತ್ವ ಇಲಾಖೆ 1994ರಿಂದ ಹಲವು ವರ್ಷ ಅಗೆಯಿತು. ಕೆ.ಪಿ. ಪೂಣಚ್ಚ ಅವರ ಮುಂದಾಳತ್ವ. ಮಣ್ಣಿನಡಿ ಸಿಕ್ಕಿದ್ದು ಶಾತವಾಹನರ ಕಾಲದ ದೊಡ್ಡ ಸ್ತೂಪ. ಶಾಸನಗಳು ಅದನ್ನು ಮಹಾಚೈತ್ಯ ಎನ್ನುತ್ತವೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಹೊತ್ತಿನಿಂದ ಕ್ರಿಸ್ತಶಕ ಮೂರನೆಯ ಶತಮಾನದವರೆಗೆ ಅದನ್ನು ಬೆಳೆಸಿದರು, ಸಿಂಗರಿಸಿದರು. ಆಮೇಲೆ ಬಿತ್ತು, ಮಣ್ಣು ಮುಚ್ಚಿತು.

ಸ್ತೂಪ ಅಂದರೆ ಒಂದು ದೊಡ್ಡ ಗುಮ್ಮಟ ಅಂದುಕೊಳ್ಳಿ. ಒಳಗೆ ಕೋಣೆ ಇರುವುದಿಲ್ಲ, ಪೂರ್ತಿ ಗಟ್ಟಿ. ಸುತ್ತ ಪ್ರದಕ್ಷಿಣೆ ಹಾಕಬೇಕು. ಹಾಕುವವರ ಕಣ್ಣಿಗೆ ಬೀಳುವಂತೆ ಅದರ ಮೈತುಂಬ ಕೆತ್ತಿದ ಹಾಸುಗಲ್ಲು ಹೊದಿಸುತ್ತಾರೆ. ಬೋಧಿವೃಕ್ಷ, ಧರ್ಮಚಕ್ರ, ಬುದ್ಧನ ಪಾದ, ಜಾತಕ ಕತೆಗಳು. ಓದು ಬಾರದವನೂ ಒಂದು ಸುತ್ತು ಬಂದರೆ ಇಡೀ ಕತೆ ತಿಳಿಯಬೇಕು. ಕಲ್ಲು ಇದೇ ಸೀಮೆಯ ಸುಣ್ಣದಕಲ್ಲು. ನಮ್ಮ ಪಡಸಾಲೆಯ ಪರಸಿಯ ಬಳಗ.

ಉಳಿ ಹಿಡಿದವರ ಜಾಣತನ ನೋಡಬೇಕು. ಚಪ್ಪಟೆಯಾಗಿ ಏಳುವ ಕಲ್ಲು, ಹೆಚ್ಚು ದಪ್ಪ ಇರುವುದಿಲ್ಲ. ಆಳಕ್ಕೆ ಹೋದರೆ ಪದರ ಸೀಳುತ್ತದೆ. ಅದಕ್ಕೆ ಅವರು ಮೇಲ್ಮೈಯಲ್ಲೇ ಆಟ ಆಡಿದ್ದಾರೆ. ಒಬ್ಬರ ಹೆಗಲ ಹಿಂದೆ ಇನ್ನೊಬ್ಬರ ಮುಖ, ಅವರ ಹಿಂದೆ ಛತ್ರಿಯ ಅಂಚು. ಅಷ್ಟು ತೆಳುವಿನಲ್ಲೂ ಗುಂಪು ಗುಂಪಾಗಿ ಜನ. ನುಣುಪು ಕಲ್ಲಾದ್ದರಿಂದ ಕೈಬಳೆ, ಸೊಂಟದ ಪಟ್ಟಿ, ತಲೆರುಮಾಲಿನ ಮಡಿಕೆ ಎಲ್ಲ ಎಣಿಸುವಷ್ಟು ಸ್ಪಷ್ಟ.

ಅಂಥ ಒಂದು ಕಲ್ಲಿನಲ್ಲಿ ರಾಜ, ರಾಣಿ ಪಕ್ಕಪಕ್ಕ ನಿಂತಿದ್ದಾರೆ. ಛತ್ರ, ಚಾಮರ ಹಿಡಿದ ಸೇವಕಿಯರು ಜೊತೆಗೆ. ಮೇಲೆ ಎರಡೇ ಪದ: 'ರಾಯ ಅಸೋಕೊ'. ರಾಜ ಅಶೋಕ. ಹೆಸರು ಬರೆದು ಗುರುತಿಸಿದ ಅಶೋಕನ ಚಿತ್ರ ಇದುವರೆಗೆ ಸಿಕ್ಕಿರುವುದು ಇದೊಂದೇ ಎನ್ನುತ್ತಾರೆ.

ನಮ್ಮ ಭಾಗಕ್ಕೆ ಇದು ಎರಡನೆಯ ಹೆಮ್ಮೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮೇಲೂ, ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಅಶೋಕನೇ ಎನ್ನುವುದಕ್ಕೆ ಶಾಸನದ ಒಳಗೇ ಸಾಕ್ಷಿ ಬೇಕಿತ್ತು. ಅದು ಸಿಕ್ಕಿದ್ದು 1915ರಲ್ಲಿ, ರಾಯಚೂರು ಸೀಮೆಯ ಮಸ್ಕಿಯಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಇತ್ತು. ಹೆಸರು ಮಸ್ಕಿಯಲ್ಲಿ, ಮುಖ ಕನಗನಹಳ್ಳಿಯಲ್ಲಿ. ಎರಡೂ ಕಲ್ಯಾಣ ಕರ್ನಾಟಕದ್ದೇ.

ಮುಖ ಅಂದೆನಲ್ಲ, ಅದು ಅವನದೇ ಮುಖವೇ? ಇರಲಾರದು. ಕೆತ್ತುವ ಹೊತ್ತಿಗೆ ಅಶೋಕ ಸತ್ತು ಎರಡು ಮೂರು ಶತಮಾನ ಕಳೆದಿತ್ತು. ಶಿಲ್ಪಿ ತನ್ನ ಕಾಲದ ದೊರೆಗಳ ಉಡುಗೆಯನ್ನೇ ಅವನಿಗೂ ತೊಡಿಸಿದ್ದಾನೆ. ಹಾಗಾದರೆ ಅವನು ಅಶೋಕ ಅಂತ ನಮಗೆ ಹೇಗೆ ಗೊತ್ತು? ಆ ಎರಡು ಪದದಿಂದ. ಅವಿಲ್ಲದಿದ್ದರೆ ಇಂದು ಆ ಕಲ್ಲಿನ ಕೆಳಗೆ 'ಯಾರೋ ರಾಜ, ಯಾರೋ ರಾಣಿ' ಅಂತ ಬರೆಯುತ್ತಿದ್ದರು.

ಅಲ್ಲೇ ಶಾತವಾಹನ ರಾಜರೂ ಇದ್ದಾರೆ, ಅವರಿಗೂ ಹೆಸರಿದೆ. ಒಬ್ಬ ಶಾತಕರ್ಣಿ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆ ಅರ್ಪಿಸುವ ದೃಶ್ಯವಿದೆ, ಹಾಗಂತ ಬರೆದೂ ಇದೆ. ಆ ಬೆಳ್ಳಿ ಯಾರ ಪಾಲಾಯಿತೋ. ಅರ್ಪಿಸಿದ ಚಿತ್ರ ಮಾತ್ರ ಉಳಿದಿದೆ, ಸುಣ್ಣದಕಲ್ಲಿನಲ್ಲಿ.

ರಾಜರಿಗಿಂತ ನನಗೆ ಹಿಡಿಸಿದ್ದು ಇನ್ನುಳಿದ ಹೆಸರುಗಳು. ಈ ಸ್ತೂಪ ಒಬ್ಬ ರಾಜ ದುಡ್ಡು ಸುರಿದು ಕಟ್ಟಿಸಿದ್ದಲ್ಲ. ಕಲ್ಲು ಕಲ್ಲಿನ ಮೇಲೆ ದಾನಿಗಳ ಹೆಸರು. ಇದು ಇಂಥ ವ್ಯಾಪಾರಿಯ ದಾನ, ಇದು ಇಂಥವನ ಹೆಂಡತಿಯದು, ಇದು ಇಂಥ ಭಿಕ್ಷುಣಿಯದು. ನಮ್ಮ ಗುಡಿಗಳಲ್ಲಿ ಟ್ಯೂಬ್‌ಲೈಟಿನ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸುತ್ತಾರಲ್ಲ, ಆ ಚಟ ಇಷ್ಟು ಹಳೆಯದು! ನಗು ಬಂತು. ಆದರೆ ಆ ಚಟದಿಂದಲೇ ಇವತ್ತು ಆ ಜನ ನಮಗೆ ಸಿಗುತ್ತಾರೆ. ಈ ಶಾಸನಗಳನ್ನೆಲ್ಲ ಜರ್ಮನಿಯ ಓಸ್ಕರ್ ಫಾನ್ ಹಿನ್ಯೂಬರ್ ಮತ್ತು ಜಪಾನಿನ ಮೈಕೊ ನಾಕಾನಿಶಿ ಓದಿ 2014ರಲ್ಲಿ ಪ್ರಕಟಿಸಿದರು. ಚಿತ್ತಾಪುರ ತಾಲೂಕಿನ ಒಬ್ಬ ಹೆಣ್ಣುಮಗಳು ಕೊಟ್ಟ ಕಲ್ಲಿನ ಲೆಕ್ಕ ಟೋಕಿಯೊದಲ್ಲಿ ಅಚ್ಚಾಯಿತು.

ವಾಪಸ್ ಬರುವಾಗ ವಾಡಿಯ ಚಿಮಣಿ ಮತ್ತೆ ಕಂಡಿತು. ನನಗೆ ಅಮರಾವತಿ ನೆನಪಾಯಿತು. ಆಂಧ್ರದ ಕೃಷ್ಣಾ ದಂಡೆಯಲ್ಲಿರುವ ಆ ಸ್ತೂಪವೂ ಸುಣ್ಣದಕಲ್ಲಿನದೇ, ಕನಗನಹಳ್ಳಿಯ ಶಿಲ್ಪಗಳಿಗೆ ಹತ್ತಿರದ ಶೈಲಿ. ಹದಿನೆಂಟನೆಯ ಶತಮಾನದ ಕೊನೆಗೆ ಅಲ್ಲಿನ ಜಮೀನ್ದಾರ ಹೊಸ ಊರು ಕಟ್ಟಿಸುವಾಗ ಆ ದಿಬ್ಬದ ಕಲ್ಲುಗಳನ್ನು ಕಿತ್ತು ಬಳಸಿದರು. ಎಷ್ಟೋ ಶಿಲ್ಪಗಳನ್ನು ಸುಟ್ಟು ಸುಣ್ಣ ಮಾಡಿದರು. 1798ರಲ್ಲಿ ಕಾಲಿನ್ ಮೆಕೆಂಜಿ ಬಂದು ನೋಡಿ, ಆಮೇಲೆ ಮತ್ತೆ ಬಂದು ಚಿತ್ರ ಬರೆಸಿದ್ದರಿಂದ ಅಷ್ಟಾದರೂ ದಾಖಲಾಯಿತು. ಉಳಿದವು ಇಂದು ಚೆನ್ನೈನಲ್ಲಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

ಕನಗನಹಳ್ಳಿಯ ಕಲ್ಲಿಗೆ ಆ ಗತಿ ಬರಲಿಲ್ಲ, ಏಕೆಂದರೆ ಮಣ್ಣು ಅದನ್ನು ಮುಚ್ಚಿಟ್ಟಿತ್ತು. ಹೊರಗೆ ತೆಗೆದ ಮೇಲೆ ಬಹಳ ವರ್ಷ ಬಿಸಿಲು ಮಳೆ ತಿಂದಿತು. 2022ರಲ್ಲಿ ಸಂರಕ್ಷಣೆಯ ಕೆಲಸ ಶುರುವಾಯಿತು. ಪದರದ ಕಲ್ಲು ಬೇಗ ಸೀಳುತ್ತದೆ, ಮಣ್ಣಿನಡಿ ಎರಡು ಸಾವಿರ ವರ್ಷ ತಡೆದದ್ದು ಬಯಲಿನಲ್ಲಿ ಇಪ್ಪತ್ತು ವರ್ಷ ತಡೆಯುವುದು ಕಷ್ಟ.

ಗೊಬ್ಬೂರ ತಲುಪಿದಾಗ ದೀಪ ಹಚ್ಚುವ ಹೊತ್ತು. ಪಡಸಾಲೆ ಬರೀ ಮಣ್ಣು. ಪರಸಿ ಪೂರ್ತಿ ಎದ್ದಿತ್ತು, ಟ್ರ್ಯಾಕ್ಟರ್ ತುಂಬಿಕೊಂಡು ಹೋಗಿಯೂ ಆಗಿತ್ತು. ಚೌಕಾಬಾರದ ಕಲ್ಲು?

ಹಿತ್ತಲಲ್ಲಿ ಅವ್ವ ಭಾಂಡೆ ತಿಕ್ಕುತ್ತಿದ್ದಳು. ನಳದ ಕೆಳಗೆ ಅದೇ ಕಲ್ಲು, ಹೊಸ ಸಿಮೆಂಟಿನಲ್ಲಿ ಗಟ್ಟಿಯಾಗಿ ಕೂತಿತ್ತು. ನೀರು ಹೋಗುವ ಪೈಪಿಗೆಂದು ಗೌಂಡಿ ಮಷಿನ್ನಿನಿಂದ ತೂತು ಕೊರೆದಿದ್ದ. ಸರಿಯಾಗಿ ನಡುವೆ, ಹಣ್ಣಾಗುವ ಮನೆಯಲ್ಲಿ.

ಇಡೀ ದಿನ ಕಾಳಮ್ಮನ ಪೀಠದ ತೂತಿನ ಬಗ್ಗೆ ಭಾಷಣ ಬಿಗಿದವಳು ನಾನು. ಈಗ ಬಾಯಿ ಕಟ್ಟಿತು. ಆಮೇಲೆ ಸಿಟ್ಟು ಬಂತು. "ಅವ್ವಾ, ಇದಕ್ಯಾಕ ತೂತು ಹೊಡಿಸಿದಿ?" ಅಂತ ಕೂಗಿದೆ.

ಅವ್ವ ಕೈ ತೊಳೆದುಕೊಂಡು ನಿಧಾನ ಎದ್ದಳು. "ಮತ್ತೇನು ಮಾಡಬೇಕಿತ್ತು? ಎಲ್ಲಾ ಕಲ್ಲು ಹೇರಿದ್ರು. ಇದೊಂದು ನಾ ಅಡ್ಡ ನಿಂತು ಇಳಸೀನಿ. ಸುಮ್ಮ ಗ್ವಾಡಿಗಿ ಆನಸಿ ಇಟ್ಟಿದ್ರ ನಾಳೆ ಯಾರರ ಕೇಳಿ ಒಯ್ತಿದ್ರು. ಹಿಂಗ ಕೂಡಿಸಿದ್ರ ಯಾರೂ ಕೀಳಂಗಿಲ್ಲ. ನಿಮ್ಮ ಆಯಿ ಕೊರೆದ ಕಲ್ಲು, ಮನ್ಯಾಗ ಇರ್ಲಿ ಅಂತ."

"ಆಯಿ? ಮುತ್ಯಾ ಅಲ್ಲೇನು?"

"ನಿಮ್ಮ ಮುತ್ಯಾಗ ಗಾಡಿ ಹೊಡಿಯೂದು ಬರ್ತಿತ್ತು. ಗೀಟು ಹೊಡದಾಕಿ ಆಯಿ. ಒಂದು ಆಷಾಢದಾಗ ಮಳಿ ನಿಲ್ಲಲೇ ಇಲ್ಲ. ಹೊಲಕ್ಕ ಹೋಗೂದಿಲ್ಲ, ಕೂಸುಗಳು ಜೀವ ತಿನ್ಲತ್ತಿದ್ದವು. ಗಿರಣಿ ಕಲ್ಲಿನ ಉಳಿ ಇಸ್ಕೊಂಡು ಮೂರು ದಿನ ಕುಂತು ಕೊರದಾಳ. ನನಗ ಆಕೀನೇ ಹೇಳಿದ್ದು."

ಮೂವತ್ತು ವರ್ಷ ಆ ಕಲ್ಲಿನ ಮೇಲೆ ಆಡಿದ್ದೇನೆ. ಒಮ್ಮೆಯೂ ಕೇಳಿರಲಿಲ್ಲ. ಕಲ್ಲು ತಂದವನೇ ಕೆತ್ತಿದ್ದು ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಆ ರಾತ್ರಿ ನನಗೆ ಕಾಕಾ ಮಾತಿನ ಅರ್ಧ ಸರಿ ಅನ್ನಿಸಿತು. ಬಳಸಿದ ವಸ್ತು ಉಳಿಯುತ್ತದೆ. ದೇವಿಯ ಕಾಲಡಿ ಇದ್ದದ್ದಕ್ಕೆ ಅಶೋಕನ ಕಲ್ಲು ನಮ್ಮವರೆಗೆ ಬಂತು, ನಳದಡಿ ಕೂತದ್ದಕ್ಕೆ ಆಯಿಯ ಕಲ್ಲು ಟ್ರ್ಯಾಕ್ಟರ್ ಏರಲಿಲ್ಲ. ಇನ್ನರ್ಧ ಕಾಕಾ ಹೇಳದೆ ಬಿಟ್ಟದ್ದು. ಅದು ಏನು, ಯಾರದು ಅಂತ ಯಾರಾದರೂ ಹೇಳಿದ್ದರೆ ತೂತು ಒಂದು ಗೇಣು ಆಚೆ ಬೀಳುತ್ತಿತ್ತು. ಪೀಠ ಕೊರೆದವನಿಗೆ ಬ್ರಾಹ್ಮಿ ಬರುತ್ತಿರಲಿಲ್ಲ, ಅವನ ತಪ್ಪಲ್ಲ. ನಮ್ಮ ಗೌಂಡಿಗೆ ಚೌಕಾಬಾರ ಚೆನ್ನಾಗಿ ಬರುತ್ತಿತ್ತು. ಆದರೆ ಅಲ್ಲಿ ನಿಂತು 'ಇಲ್ಲಿ ಬ್ಯಾಡಪ್ಪಾ' ಅನ್ನಲು ಬೇಕಾದವಳು ನಾನು. ನಾನು ಸನ್ನತಿಯಲ್ಲಿ ಫೋಟೊ ದೊಡ್ಡದು ಮಾಡಿ ನೋಡುತ್ತಿದ್ದೆ.

ನೀವು ಕಲಬುರಗಿ ಕಡೆ ಬಂದರೆ ಸನ್ನತಿ, ಕನಗನಹಳ್ಳಿಗೆ ಒಂದು ದಿನ ಇಡಿ. ನಾಲವಾರ ರೈಲ್ವೆ ಸ್ಟೇಷನ್ನಿನಿಂದ ರಸ್ತೆ ಇದೆ. ಬೇಸಿಗೆಯಲ್ಲಾದರೆ ಬೆಳಿಗ್ಗೆ ಬೇಗ ಹೋಗಿ, ನಮ್ಮ ಬಿಸಿಲಿನ ಸುದ್ದಿ ನಿಮಗೆ ಗೊತ್ತಲ್ಲ. ಅದಕ್ಕಿಂತ ಮೊದಲು, ಮುಂದಿನ ಸಲ ಊರಿಗೆ ಹೋದಾಗ, ಮನೆಯ ಬೀಸೋಕಲ್ಲು, ಹಿತ್ತಾಳೆ ಕೊಡ, ಕೌದಿ, ಬಾಗಿಲ ಮೇಲಿನ ಪಟ್ಟಿ ಯಾವುದಾದರೂ ಒಂದನ್ನು ತೋರಿಸಿ, ಇದು ಯಾರು ತಂದದ್ದು, ಯಾರು ಮಾಡಿದ್ದು ಅಂತ ಕೇಳಿ. ಬಲ್ಲವರು ಇರುವಾಗಲೇ ಕೇಳಿ. ಬೇಕಾದ್ದು ಎರಡೇ ಪದ.

ನಾನು ಮರುದಿನ ಬೆಳಿಗ್ಗೆ ಆ ಕಲ್ಲಿಗೆ ನೀರು ಸುರಿದು, ಗೀಟುಗಳು ಕಪ್ಪಾಗಿ ಎದ್ದು ಕಾಣುವಂತೆ ಮಾಡಿ ಫೋಟೊ ತೆಗೆದೆ. ತೂತೂ ಬಂತು, ಬರಲಿ. ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ ಕೆಳಗೆ ಬರೆದೆ: 'ಆಯಿ ಕೊರೆದದ್ದು.'

ತಮ್ಮ ಟೈಲ್ಸ್ ಅಂಗಡಿಯಿಂದಲೇ ಉತ್ತರ ಕಳಿಸಿದ: "ಅಕ್ಕಾ, ಹುಣಸಿಬೀಜ ತೇದಿಡು. ಬರ್ಲತ್ತೀನಿ."